ನೂರನೆಯ ಎಡಿಟ್‌ಗೊಂದು ಶಹಬ್ಬಾಸ್: ವಿಕಿಪೀಡಿಯದ ಎಣಿಕೆ, ಬಿರುದು, ತಮಾಷೆ

ವಿಕಿಪೀಡಿಯದಲ್ಲಿ ಖಾತೆ ತೆರೆದು, ಯಾವುದೋ ಲೇಖನದ ಒಂದು ಅಕ್ಷರ ತಿದ್ದಿ ಉಳಿಸಿದರೆ ಸಾಕು, ಪರದೆಯ ಮೇಲ್ತುದಿಯಲ್ಲಿ ಸಣ್ಣದೊಂದು ಸೂಚನೆ ಬಂದು ಕೂರುತ್ತದೆ: ನಿಮ್ಮ ಮೊದಲ ಸಂಪಾದನೆ ಆಯಿತು, ಧನ್ಯವಾದ, ಸ್ವಾಗತ. ಹತ್ತನೆಯದಕ್ಕೆ ಇನ್ನೊಂದು ಸೂಚನೆ. ಆಮೇಲೆ ನೂರಕ್ಕೆ, ಸಾವಿರಕ್ಕೆ, ಹತ್ತು ಸಾವಿರಕ್ಕೆ, ಲಕ್ಷಕ್ಕೆ, ಹತ್ತು ಲಕ್ಷಕ್ಕೆ. ಇದನ್ನು ಕಳಿಸುವವರು ಯಾರೂ ಇಲ್ಲ. ತಂತ್ರಾಂಶ ತಾನೇ ಎಣಿಸಿ ತಾನೇ ಬೆನ್ನು ತಟ್ಟುತ್ತದೆ.

2001ರ ಜನವರಿ 15ರಂದು ಶುರುವಾದ ಈ ವಿಶ್ವಕೋಶವನ್ನು ಬರೆಯುವವರಿಗೆ ಸಂಬಳವಿಲ್ಲ, ಗೌರವಧನವಿಲ್ಲ, ಲೇಖನದ ಕೆಳಗೆ ಹೆಸರೂ ಇಲ್ಲ. ಕೆಲಸ ಮುಗಿಸಿ ಬಂದ ಮೇಲೆ, ಮಕ್ಕಳು ಮಲಗಿದ ಮೇಲೆ, ರಜೆಯ ಮಧ್ಯಾಹ್ನಗಳಲ್ಲಿ ನಡೆಯುವ ಹವ್ಯಾಸ ಇದು. ಬರೆದವರ ಜೊತೆ ಅಂಟಿಕೊಂಡು ಉಳಿಯುವುದು ಒಂದೇ: ಇದುವರೆಗೆ ಎಷ್ಟು ಸಲ ತಿದ್ದಿದ್ದಾರೆ ಎಂಬ ಅಂಕಿ. ಎರಡು ದಶಕಗಳಲ್ಲಿ ಆ ಅಂಕಿಯ ಸುತ್ತ ಬಿರುದು, ಪದಕ, ಪಂದ್ಯ, ಕೀಟಲೆ ಎಲ್ಲವೂ ಬೆಳೆದಿವೆ. ಅದಕ್ಕೆ ಹೆಚ್ಚು ಅರ್ಥವಿಲ್ಲವೆಂದು ಎಣಿಸುವವರಿಗೇ ಗೊತ್ತು. ಗೊತ್ತಿದ್ದೂ ಎಣಿಸುತ್ತಾರೆ, ಎಣಿಸುತ್ತಲೇ ತಮ್ಮನ್ನು ತಾವು ಗೇಲಿ ಮಾಡಿಕೊಳ್ಳುತ್ತಾರೆ.

## ಲೆಕ್ಕಕ್ಕೆ ಬರುವುದು ಯಾವುದು?

ಪುಟವನ್ನು ತೆರೆದು, ಬದಲಾಯಿಸಿ, ಪ್ರಕಟಿಸುವ ಗುಂಡಿಯನ್ನು ಒಮ್ಮೆ ಒತ್ತಿದರೆ ಅದು ಒಂದು ಸಂಪಾದನೆ. ಮೂರು ತಿಂಗಳು ಗ್ರಂಥಾಲಯದಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡು, ಐದು ಸಾವಿರ ಪದಗಳ ಲೇಖನವನ್ನು ಒಂದೇ ಏಟಿಗೆ ಹಾಕಿದರೂ ಒಂದೇ. ಬಿಟ್ಟುಹೋದ ಒಂದು ಅನುಸ್ವಾರ ಸೇರಿಸಿದರೂ ಒಂದೇ. ಚರ್ಚೆ ಪುಟದಲ್ಲಿ 'ಸರಿ, ಹಾಗೇ ಮಾಡೋಣ' ಎಂದು ಬರೆದರೂ ಒಂದೇ. ಹೀಗಾಗಿ ಪ್ರತಿ ಸಾಲಿಗೊಮ್ಮೆ ಉಳಿಸುವ ಅಭ್ಯಾಸವಿರುವವರ ಅಂಕಿ ಸಲೀಸಾಗಿ ಏರುತ್ತದೆ. ಮುನ್ನೋಟದಲ್ಲಿ ಹತ್ತು ಸಲ ಓದಿ ತಿದ್ದಿ ಒಮ್ಮೆ ಪ್ರಕಟಿಸುವವರದು ತೆವಳುತ್ತದೆ.

ಲೆಕ್ಕವನ್ನು ಬಿಡಿಸಿ ತೋರಿಸಲು ಎಕ್ಸ್‌ಟೂಲ್ಸ್ ಎಂಬ ಸಾಧನವಿದೆ. ಲೇಖನಗಳಲ್ಲಿ ಎಷ್ಟು, ಹರಟೆಯಲ್ಲಿ ಎಷ್ಟು, ಯಾವ ವರ್ಷ ಎಷ್ಟು ಎಂದೆಲ್ಲ ಅದು ಬಣ್ಣದ ವೃತ್ತಗಳಲ್ಲಿ ಬಿಡಿಸಿಡುತ್ತದೆ. ವಾರದ ಯಾವ ದಿನ, ಯಾವ ಗಂಟೆಯಲ್ಲಿ ಕೂತು ತಿದ್ದುತ್ತೀರಿ ಎಂಬುದನ್ನೂ ಚುಕ್ಕಿಗಳಲ್ಲಿ ತೋರಿಸುತ್ತದೆ. ನಡುರಾತ್ರಿ ಎರಡು ಗಂಟೆಯ ಮನೆಯಲ್ಲಿ ದಪ್ಪ ಚುಕ್ಕಿಗಳಿದ್ದರೆ ಅದನ್ನು ಮನೆಯವರಿಗೆ ತೋರಿಸದಿರುವುದು ವಾಸಿ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಅತಿ ಹೆಚ್ಚು ಸಂಪಾದನೆ ಮಾಡಿದವರ ಕ್ರಮಾಂಕದ ಪಟ್ಟಿಯೇ ಇದೆ. ಹೆಸರು ಬೇಡವೆನ್ನುವವರು ತೆಗೆಸಿಕೊಳ್ಳಬಹುದು. ಆಗ ಆ ಜಾಗದಲ್ಲಿ ಹೆಸರಿನ ಬದಲು 'ಪ್ಲೇಸ್‌ಹೋಲ್ಡರ್' ಎಂದಷ್ಟೇ ಇರುತ್ತದೆ. ಪಟ್ಟಿಯ ಮೇಲ್ಭಾಗದಲ್ಲೂ ಅಂಥ ಹೆಸರಿಲ್ಲದ ಸಾಲುಗಳು ಸಿಗುತ್ತವೆ. ಪಟ್ಟಿಯನ್ನು ಓದಿದವರಿಗೆ ಮೊದಲು ಕುತೂಹಲ ಹುಟ್ಟುವುದೂ ಆ ಸಾಲುಗಳ ಬಗ್ಗೆಯೇ.

## ಎಣಿಕೆ ಜ್ವರ

ಅಂಕಿಯ ಹುಚ್ಚಿಗೆ ವಿಕಿಪೀಡಿಯದವರು ತಾವೇ ಒಂದು ಕಾಯಿಲೆಯ ಹೆಸರಿಟ್ಟಿದ್ದಾರೆ: ಎಡಿಟ್‌ಕೌಂಟೈಟಿಸ್. ವೈದ್ಯಕೀಯ ಭಾಷೆಯ ಗಾಂಭೀರ್ಯವನ್ನು ಅಣಕಿಸುತ್ತ ಅದರ ಲಕ್ಷಣಗಳನ್ನು ವಿವರಿಸುವ ಪುಟವೊಂದು ವರ್ಷಾನುಗಟ್ಟಲೆಯಿಂದ ಇದೆ. ಮೇಲಿಂದ ಮೇಲೆ ತನ್ನ ಅಂಕಿ ನೋಡಿಕೊಳ್ಳುವುದು, ಇತರರ ಮಾತಿನ ತೂಕವನ್ನು ಅವರ ಅಂಕಿಯಿಂದ ಅಳೆಯುವುದು ಇತ್ಯಾದಿ. ಜೊತೆಗೆ ವಿಕಿಪೀಡಿಯದ ಚಟ ಎಷ್ಟು ಆಳಕ್ಕಿಳಿದಿದೆ ಎಂದು ತಿಳಿಯಲು ಉದ್ದದ ಪ್ರಶ್ನಾವಳಿಯೂ ಉಂಟು. ಚಟ ಬಿಡಲಾರದವರಿಗಾಗಿ ಒಂದು ಸಣ್ಣ ಸ್ಕ್ರಿಪ್ಟ್ ಇದೆ: ಪರೀಕ್ಷೆ ಮುಗಿಯುವ ದಿನಾಂಕವನ್ನೋ ಮದುವೆಯ ದಿನಾಂಕವನ್ನೋ ಅದರಲ್ಲಿ ಬರೆದಿಟ್ಟರೆ, ಅಲ್ಲಿಯವರೆಗೆ ನಿಮ್ಮ ಖಾತೆಗೆ ನೀವೇ ಒಳಬರದಂತೆ ತಡೆಯುತ್ತದೆ.

ಜ್ವರ ಎಲ್ಲರಿಗೂ ಒಂದೇ ಬಗೆಯಲ್ಲಿ ಬರುವುದಿಲ್ಲ. ಕ್ಯಾಲಿಫೋರ್ನಿಯದ ಸಾಫ್ಟ್‌ವೇರ್ ಎಂಜಿನಿಯರ್ ಬ್ರಯಾನ್ ಹೆಂಡರ್ಸನ್ ಇಂಗ್ಲಿಷಿನ ಒಂದೇ ಒಂದು ಪದಪ್ರಯೋಗವನ್ನು ತಪ್ಪೆಂದು ನಂಬಿ, ಅದು ಎಲ್ಲಿ ಕಂಡರೂ ತೆಗೆಯುತ್ತ ಹೋದರು. 2015ರಲ್ಲಿ ಪತ್ರಿಕೆಗಳು ಅವರ ಬಗ್ಗೆ ಬರೆಯುವ ಹೊತ್ತಿಗೆ ಅವರ ತಿದ್ದುಪಡಿಗಳು 47 ಸಾವಿರ ದಾಟಿದ್ದವು. ಆ ಪ್ರಯೋಗ ತಪ್ಪೇ ಅಲ್ಲ ಎನ್ನುವ ವ್ಯಾಕರಣಕಾರರೂ ಇದ್ದಾರೆ. ಆದರೆ ವಾರ ವಾರ ಕೂತು ಅದೊಂದನ್ನೇ ಹುಡುಕಿ ಕೀಳುವ ಶ್ರದ್ಧೆಯ ಎದುರು ವಾದ ಮಾಡಿ ಗೆಲ್ಲುವುದು ಕಷ್ಟ.

## ಬಿರುದು ಬಾವಲಿ

ದೀರ್ಘಕಾಲ ದುಡಿದವರಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಸೇವಾ ಪದಕಗಳ ಶ್ರೇಣಿಯಿದೆ. ಮೊದಲ ಮೆಟ್ಟಿಲಿಗೆ ಒಂದು ಸಂಪಾದನೆ ಸಾಕು. ಮೇಲಕ್ಕೆ ಹೋದಂತೆ ಸಾವಿರಗಳು, ಹತ್ತಾರು ಸಾವಿರಗಳು. ಇಲ್ಲಿ ಒಂದು ಜಾಣತನವಿದೆ: ಅಂಕಿಯೊಂದೇ ಸಾಲದು, ಅವಧಿಯೂ ತುಂಬಬೇಕು. ಅನುಭವಿ ಎಂಬರ್ಥದ ಮಟ್ಟಕ್ಕೆ ಬರಲು ಸಾವಿರಾರು ತಿದ್ದುಪಡಿಗಳ ಜೊತೆ ವರ್ಷಗಳೂ ಕಳೆದಿರಬೇಕು. ಒಂದು ರಜೆಯಲ್ಲಿ ಹಗಲುರಾತ್ರಿ ಗುಂಡಿ ಒತ್ತಿ ಮೇಲೇರುವ ದಾರಿಯನ್ನು ಕ್ಯಾಲೆಂಡರು ಅಡ್ಡಗಟ್ಟುತ್ತದೆ.

ಪ್ರತಿ ಮೆಟ್ಟಿಲಿಗೂ ಎರಡು ಹೆಸರು. ಒಂದು ಗಂಭೀರವಾದದ್ದು, ಇನ್ನೊಂದು 'ಬುರ್ಬಾ', 'ಗ್ರೋಗ್ನಾರ್ಡ್', 'ಟಟ್ನಮ್', 'ಲಬಟ್ನಮ್' ಥರದ, ಮೊದಲ ಸಲ ಕೇಳಿದವರಿಗೆ ತಲೆಬುಡ ಅರ್ಥವಾಗದಂಥದ್ದು. ಬಿರುದಿನ ಜೊತೆ ಹಕ್ಕುಗಳೂ ಬರುತ್ತವೆ. ಇಂಥ ಮಟ್ಟ ಮುಟ್ಟಿದವರು ಕಾಫಿ ಲೋಟದ ಕಲೆ, ಸಿಗರೇಟು ಸುಟ್ಟ ಗುರುತು, ಕಚ್ಚಿದ ಮುರುಕಲು ಪೆನ್ಸಿಲ್ ಸಮೇತ ಜ್ಞಾನದ ಪುಸ್ತಕದ ಚಿತ್ರವನ್ನು ತಮ್ಮ ಪುಟದಲ್ಲಿ ಇಟ್ಟುಕೊಳ್ಳಬಹುದು ಎಂಬಂಥ ಹಕ್ಕುಗಳು. ಈ ಪದಕವನ್ನು ಕೊಡುವ ಸಮಿತಿಯಿಲ್ಲ. ಅರ್ಹತೆಯಿದೆಯೆಂದು ತೋರಿದರೆ ತಾನೇ ತೆಗೆದು ತನ್ನ ಎದೆಗೆ ಚುಚ್ಚಿಕೊಳ್ಳಬೇಕು. ನಮ್ಮಲ್ಲಿ ಪ್ರಶಸ್ತಿಗಾಗಿ ನಡೆಯುವ ಓಡಾಟ ನೋಡಿದವರಿಗೆ ಇದು ಎಷ್ಟೋ ಪ್ರಾಮಾಣಿಕ ಪದ್ಧತಿಯೆನಿಸಬಹುದು.

## ನಕ್ಷತ್ರ, ಬೆಕ್ಕಿನ ಮರಿ, ಒದ್ದೆ ಮೀನು

ಸ್ವಯಂ ತೆಗೆದುಕೊಳ್ಳುವ ಬಿರುದಿಗಿಂತ ಹೆಚ್ಚು ಬೆಲೆ ಇನ್ನೊಬ್ಬರು ಕೊಡುವ ನಕ್ಷತ್ರಕ್ಕೆ. ಅದರ ಹೆಸರು ಬಾರ್ನ್‌ಸ್ಟಾರ್. ಅಮೆರಿಕದ ಹಳ್ಳಿಗಾಡಿನಲ್ಲಿ ರೈತರು ದವಸ, ಹುಲ್ಲು, ದನಗಳಿಗೆ ಕಟ್ಟುವ ದೊಡ್ಡ ಮರದ ಕೊಟ್ಟಿಗೆಯ ಗೋಡೆಗೆ ಐದು ಮೂಲೆಯ ನಕ್ಷತ್ರವನ್ನು ಅಲಂಕಾರಕ್ಕೆ ಹೊಡೆಯುತ್ತಾರೆ. ಅಂಥ ಕೊಟ್ಟಿಗೆಯನ್ನು ಎಬ್ಬಿಸಲು ಊರಿನವರೆಲ್ಲ ಒಂದು ದಿನ ಕೂಲಿಯಿಲ್ಲದೆ ಬಂದು ಕೈ ಹಚ್ಚುವ ರೂಢಿ ಅಲ್ಲಿತ್ತು. ನಮ್ಮ ಮಲೆನಾಡಿನ ಮುಯ್ಯಾಳಿನ ಹಾಗೆ. ಎಲ್ಲರೂ ಸೇರಿ ಕಟ್ಟುವ ಕೆಲಸ ಎಂಬ ಆ ಕಲ್ಪನೆಯನ್ನು ಮೀಟ್‌ಬಾಲ್‌ವಿಕಿ ಎಂಬ ತಾಣ ಮೊದಲು ಎತ್ತಿಕೊಂಡಿತು. ಅದರ ಸ್ಥಾಪಕ ಸುನೀರ್ ಶಾ 2003ರ ಡಿಸೆಂಬರಿನಲ್ಲಿ ನಕ್ಷತ್ರವನ್ನು ವಿಕಿಪೀಡಿಯಕ್ಕೆ ತಂದರು.

ಇವತ್ತು ನಕ್ಷತ್ರಗಳಲ್ಲಿ ಲೆಕ್ಕವಿಲ್ಲದಷ್ಟು ಬಗೆ. ದಣಿವರಿಯದೆ ದುಡಿದವರಿಗೆ ಒಂದು, ಜಗಳ ಬಿಡಿಸಿದವರಿಗೆ ಒಂದು, ಪುಂಡರು ಕೆಡಿಸಿದ ಪುಟಗಳನ್ನು ಕಾಯುವವರಿಗೆ ಒಂದು, ಬಿಸಿಯೇರಿದ ಚರ್ಚೆಯಲ್ಲಿ ನಗಿಸಿದವರಿಗೆ ಒಂದು. ಅಲ್ಪವಿರಾಮ, ಕಾಗುಣಿತದಂಥ ಸಣ್ಣಪುಟ್ಟ ತಿದ್ದುಪಡಿಗಳನ್ನೇ ಮಾಡುತ್ತ ಬಂದವರಿಗೂ ಒಂದು ಪುಟ್ಟ ನಕ್ಷತ್ರವಿದೆ. ಯಾರು ಯಾರಿಗಾದರೂ ಕೊಡಬಹುದು. ಕೊಡುವವರು ಯಾಕೆ ಕೊಡುತ್ತಿದ್ದೇನೆಂದು ಒಂದೆರಡು ಸಾಲು ಬರೆಯುತ್ತಾರೆ. ನಕ್ಷತ್ರದ ಚಿತ್ರಕ್ಕಿಂತ ಆ ಸಾಲುಗಳೇ ಮುಖ್ಯ. ಯಾವುದೋ ದೇಶದ, ಮುಖ ನೋಡದ ಮನುಷ್ಯನೊಬ್ಬ ತನ್ನ ಕೆಲಸವನ್ನು ಗಮನಿಸಿದ್ದಾನೆ ಎಂಬ ಸುದ್ದಿ ಅದರಲ್ಲಿರುತ್ತದೆ.

ಇದರಿಂದ ಕೆಲಸ ಹೆಚ್ಚುತ್ತದೆಯೇ? ಮೈಕಲ್ ರೆಸ್ಟಿವೊ ಮತ್ತು ಆರ್ನೌಟ್ ವಾನ್ ಡೆ ರೈಟ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನು ಪ್ರಯೋಗವಾಗಿಯೇ ಮಾಡಿ ನೋಡಿದರು. ಅತಿ ಹೆಚ್ಚು ದುಡಿಯುವ ಶೇಕಡ 1ರ ಗುಂಪಿನಿಂದ 200 ಜನರನ್ನು ಆರಿಸಿ, ಅರ್ಧದಷ್ಟು ಜನರಿಗೆ ಚೀಟಿ ಎತ್ತಿದಂತೆ ನಕ್ಷತ್ರ ಕೊಟ್ಟು, ಉಳಿದರ್ಧಕ್ಕೆ ಏನೂ ಕೊಡದೆ 90 ದಿನ ಗಮನಿಸಿದರು. 2012ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ನಕ್ಷತ್ರ ಪಡೆದವರ ಕೆಲಸ ಶೇಕಡ 60ರಷ್ಟು ಹೆಚ್ಚಿತ್ತು. ಅಷ್ಟೇ ಅಲ್ಲ, ಅವರಿಗೆ ಬೇರೆಯವರಿಂದ ಮತ್ತೊಂದು ನಕ್ಷತ್ರ ಸಿಗುವ ಸಂಭವವೂ ಆರು ಪಟ್ಟಾಗಿತ್ತು. ಜರ್ಮನ್ ವಿಕಿಪೀಡಿಯದಲ್ಲಿ ಜಾನಾ ಗ್ಯಾಲಸ್ ಹೊಸಬರ ಮೇಲೆ ಇಂಥದೇ ಪ್ರಯೋಗ ಮಾಡಿದರು. ಹೊಸದಾಗಿ ಸೇರಿದ ನಾಲ್ಕು ಸಾವಿರ ಮಂದಿಯಲ್ಲಿ ಕೆಲವರಿಗೆ ಎಡೆಲ್‌ವೈಸ್ ಹೂವಿನ ಹೆಸರಿನ ಒಂದು ಪದಕ ಸಿಕ್ಕಿತು. 2017ರಲ್ಲಿ ಬಂದ ಫಲಿತಾಂಶ: ಪದಕ ಸಿಕ್ಕವರಲ್ಲಿ ಮುಂದಿನ ತಿಂಗಳೂ ಉಳಿದವರ ಪ್ರಮಾಣ ಶೇಕಡ 20ರಷ್ಟು ಹೆಚ್ಚು. ಕಾಸಿನ ಬೆಲೆಯಿಲ್ಲದ, ಪರದೆಯ ಮೇಲಷ್ಟೇ ಇರುವ ಹೂವಿಗೆ ಇಷ್ಟು ಶಕ್ತಿ.

ನಕ್ಷತ್ರ ಕೊಡುವಷ್ಟು ದೊಡ್ಡ ಸಂಗತಿಯಲ್ಲದಿದ್ದಾಗ ಏನು ಮಾಡುವುದು? 2011ರಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ 'ವಿಕಿಲವ್' ಎಂಬ ಹೃದಯದ ಗುರುತಿನ ಗುಂಡಿ ಬಂತು. ಅದನ್ನೊತ್ತಿ ಇನ್ನೊಬ್ಬರ ಪುಟಕ್ಕೆ ಒಂದು ಲೋಟ ಚಹಾ, ಒಂದು ತಟ್ಟೆ ಬಾಕ್ಲಾವಾ, ಬಿಯರು, ಬೆಕ್ಕಿನ ಮರಿ, ಬೇಕಾದರೆ ಒಂದು ಮೇಕೆಯನ್ನೂ ಕಳಿಸಬಹುದು. ಎರಡು ವರ್ಷದ ನಂತರ, 2013ರಲ್ಲಿ, ಪ್ರತಿ ತಿದ್ದುಪಡಿಯ ಪಕ್ಕದಲ್ಲೂ 'ಧನ್ಯವಾದ' ಎಂಬ ಪುಟ್ಟ ಕೊಂಡಿ ಸೇರಿತು. ಮಾತಿಲ್ಲದೆ ಒಂದೇ ಒತ್ತಿಗೆ ಮುಗಿಯುವ ಈ ಸೌಲಭ್ಯ ಎಲ್ಲ ಭಾಷೆಗಳಿಗೂ ಹರಡಿದೆ, ಕನ್ನಡದಲ್ಲೂ ಇದೆ.

ಹೊಗಳಿಕೆಯೊಂದೇ ಇದ್ದರೆ ಗೆಳೆತನ ಸಪ್ಪೆ. ಹಾಗಾಗಿ ಒದ್ದೆ ಟ್ರೌಟ್ ಮೀನು. ಅನುಭವಿಯೊಬ್ಬರು ಪೆದ್ದು ಕೆಲಸ ಮಾಡಿದಾಗ ಅವರ ಪುಟದಲ್ಲಿ ಮೀನಿನ ಚಿತ್ರವೊಂದನ್ನು ಹಾಕಿ, ಇದರಿಂದ ನಿಮಗೊಂದು ಏಟು ಬಿದ್ದಿದೆ ಎಂದು ಬರೆಯುವುದು ವಾಡಿಕೆ. ಹಳೆಯ ಐಆರ್‌ಸಿ ಹರಟೆಕೋಣೆಗಳಲ್ಲಿ ದೊಡ್ಡ ಟ್ರೌಟ್‌ನಿಂದ ಬಾರಿಸುವ ಒಂದು ಆಜ್ಞೆಯಿತ್ತು; ತಮಾಷೆ ಬಂದದ್ದು ಅಲ್ಲಿಂದ. ತಪ್ಪು ಚಿಕ್ಕದಾದರೆ ಚಿಕ್ಕ ಮೀನು. ತನ್ನ ತಪ್ಪು ತನಗೇ ಹೊಳೆದರೆ ಸ್ವಯಂ ಏಟು ಹಾಕಿಕೊಳ್ಳುವುದೂ ಉಂಟು. ಹೊಸಬರಿಗೆ ಮಾತ್ರ ಮೀನಿನೇಟು ಹಾಕಬಾರದು. ಗೊತ್ತಿರುವವರ ನಡುವೆ ಸಲಿಗೆಯಾದದ್ದು ಗೊತ್ತಿಲ್ಲದವರಿಗೆ ಅವಮಾನವಾಗಿ ಕೇಳಿಸೀತು ಎಂಬ ಎಚ್ಚರ. ಹೊಸಬರನ್ನು ಕಚ್ಚಬೇಡಿ ಎಂಬುದು ಅಲ್ಲಿನ ಹಳೆಯ ನಿಯಮಗಳಲ್ಲೊಂದು. ಅವರಿಗಾಗಿಯೇ 2012ರಲ್ಲಿ 'ಟೀಹೌಸ್' ಎಂಬ ಪ್ರಶ್ನೋತ್ತರದ ಜಾಗ ತೆರೆದರು.

ನಿರ್ವಾಹಕರಿಗೆ ಪುಟಗಳನ್ನು ಅಳಿಸುವ, ಸದಸ್ಯರನ್ನು ತಡೆಯುವ ಅಧಿಕಾರವಿದೆ. ಅಧಿಕಾರವಿದ್ದ ಕಡೆ ಎಡವಟ್ಟೂ ದೊಡ್ಡದೇ. ವಿಕಿಪೀಡಿಯದ ಮುಖಪುಟವನ್ನೇ ಅಳಿಸಿಬಿಟ್ಟ ನಿರ್ವಾಹಕರಿದ್ದಾರೆ. ಯಾರನ್ನೋ ತಡೆಯಲು ಹೋಗಿ ತಮ್ಮನ್ನೇ ತಡೆದುಕೊಂಡವರಿದ್ದಾರೆ. ಇಂಥವರ ಹೆಸರುಗಳನ್ನು ದಾಖಲಿಸಲು ಒಂದು ಪುಟವಿದೆ. ಹಿಂದಿನ ಕಾಲದ ಯುರೋಪಿನ ಹಳ್ಳಿಗಳಲ್ಲಿ ತಪ್ಪಿತಸ್ಥರ ಕೈಕಾಲು ಸಿಕ್ಕಿಸಿ ಚೌಕದಲ್ಲಿ ಕೂರಿಸುತ್ತಿದ್ದ ಮರದ ಕೋಳದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅಲ್ಲಿ ಹೆಸರು ಬಂದವರು ಅದನ್ನು ಬಿರುದಿನಂತೆಯೇ ಹೇಳಿಕೊಳ್ಳುತ್ತಾರೆ.

ಇನ್ನು ಏಪ್ರಿಲ್ 1. ಆ ದಿನ ಇಂಗ್ಲಿಷ್ ಮುಖಪುಟದಲ್ಲಿ ಬರುವುದೆಲ್ಲ ನಿಜವೇ ಆಗಿರಬೇಕು, ಆದರೆ ನಂಬಲಾಗದ ಧಾಟಿಯಲ್ಲಿರಬೇಕು ಎಂಬುದು ಸಂಪ್ರದಾಯ. 2007ರಲ್ಲಿ ಆ ದಿನದ ವಿಶೇಷ ಲೇಖನ ಜಾರ್ಜ್ ವಾಷಿಂಗ್ಟನ್ ಬಗ್ಗೆ ಇತ್ತು. ಅಧ್ಯಕ್ಷ ವಾಷಿಂಗ್ಟನ್ ಅಲ್ಲ, ಅದೇ ಹೆಸರಿನ ಇನ್ನೊಬ್ಬ, ದಿಢೀರ್ ಕಾಫಿಯ ಉದ್ಯಮ ನಡೆಸಿದವನು. ಸುಳ್ಳು ಒಂದೂ ಇರಲಿಲ್ಲ, ಓದಿದವರು ತಬ್ಬಿಬ್ಬಾಗುವುದೂ ತಪ್ಪಲಿಲ್ಲ.

ಮನೆಯಲ್ಲಿ ಹುಟ್ಟುಹಬ್ಬ ಆಚರಿಸಿದಂತೆ ಇಲ್ಲಿ ಮೊದಲ ಸಂಪಾದನೆಯ ದಿನವನ್ನು ಆಚರಿಸುತ್ತಾರೆ. ಇಂಥ ದಿನಗಳಿಗೆಂದು ಒಂದು ಸಮಿತಿ ಇದ್ದು, ವರ್ಷ ತುಂಬಿದವರ ಪುಟಕ್ಕೆ ಹೋಗಿ ಕೇಕಿನ ಚಿತ್ರ ಅಂಟಿಸಿ ಬರುತ್ತದೆ.

## ಹತ್ತು ಲಕ್ಷದ ಗೆರೆ

ಒಬ್ಬ ಮನುಷ್ಯ ಹತ್ತು ಲಕ್ಷ ಸಲ ತಿದ್ದಬಹುದೆಂದು ಮೊದಲು ತೋರಿಸಿದವರು ಅಮೆರಿಕದ ಇಂಡಿಯಾನಾಪೊಲಿಸ್‌ನ ಜಸ್ಟಿನ್ ನ್ಯಾಪ್. 2005ರಲ್ಲಿ ಖಾತೆ ತೆರೆದ ಅವರು 2012ರ ಏಪ್ರಿಲ್ 19ರಂದು ಆ ಗೆರೆ ದಾಟಿದರು. ದಿನಕ್ಕೆ ಸರಾಸರಿ 385 ಸಂಪಾದನೆ. ವಿಕಿಪೀಡಿಯದ ಸ್ಥಾಪಕರಲ್ಲೊಬ್ಬರಾದ ಜಿಮ್ಮಿ ವೇಲ್ಸ್ ಮರುದಿನವನ್ನು ಜಸ್ಟಿನ್ ನ್ಯಾಪ್ ದಿನವೆಂದು ಘೋಷಿಸಿದರು. ಅಭಿನಂದನೆಯೂ ತಮಾಷೆಯೂ ಆಗಿದ್ದ ಈ ಘೋಷಣೆ ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಮೊದಲ ಸ್ಥಾನದಲ್ಲಿದ್ದ ನ್ಯಾಪ್ ಅವರನ್ನು 2015ರಲ್ಲಿ ಹಿಂದಿಕ್ಕಿದವರು ವರ್ಜೀನಿಯದ ಸ್ಟೀವನ್ ಪ್ರೂಯಿಟ್. ಪುಚ್ಚೀನಿಯ 'ಜಾನ್ನಿ ಸ್ಕಿಕ್ಕಿ' ಎಂಬ ಸಂಗೀತರೂಪಕದಲ್ಲಿ ಬರುವ ದಸ್ತಾವೇಜು ಬರೆಯುವವನ ಹೆಸರು ಅವರ ಬಳಕೆದಾರ ಹೆಸರು. ತಮ್ಮ ವಂಶದ ಹಿರಿಯನೊಬ್ಬನ ಲೇಖನದಿಂದ ಆರಂಭಿಸಿ, 2019ರ ಹೊತ್ತಿಗೆ ಮೂವತ್ತು ಲಕ್ಷದ ಸಮೀಪ ಬಂದಿದ್ದರು. ಮರೆಯಲ್ಲಿದ್ದ ನೂರಾರು ಮಹಿಳೆಯರ ಜೀವನಚಿತ್ರಗಳನ್ನು ಬರೆದದ್ದು ಅವರ ನಿಜವಾದ ಹೆಚ್ಚುಗಾರಿಕೆ. 2017ರಲ್ಲಿ ಟೈಮ್ ಪತ್ರಿಕೆ ಅಂತರ್ಜಾಲದ 25 ಪ್ರಭಾವಿಗಳ ಪಟ್ಟಿಯಲ್ಲಿ ಅವರನ್ನು ಸೇರಿಸಿತು. 2021ರ ಜನವರಿ 13ರಂದು ಇಂಗ್ಲಿಷ್ ವಿಕಿಪೀಡಿಯದ ನೂರು ಕೋಟಿಯ ಸಂಪಾದನೆ ನಡೆದಾಗ, ಅದೂ ಇವರ ಕೈಯಿಂದಲೇ ಆಯಿತು. ಅಷ್ಟು ತಿದ್ದುವವರ ಬಲೆಗೆ ಅದು ಬೀಳದೆ ಇನ್ಯಾರ ಬಲೆಗೆ ಬೀಳಬೇಕು?

ಲೇಖನಗಳ ಎಣಿಕೆಯ ಸಂಭ್ರಮ ಬೇರೆಯೇ. ಹತ್ತು ಲಕ್ಷ ಲೇಖನ ಯಾವ ದಿನ ತುಂಬುತ್ತದೆಂದು ಊಹಿಸಿ ಹೆಸರು ಬರೆದಿಡುವ ಪುಟಗಳಿದ್ದವು. ಹಣವಿಲ್ಲದ ಪಂದ್ಯ, ಗೆದ್ದವರಿಗೆ ಜಂಬ ಮಾತ್ರ. ಅಂಕಿ ಹತ್ತಿರವಾದಂತೆ ಹಲವರು ಲೇಖನಗಳನ್ನು ಬರೆದಿಟ್ಟುಕೊಂಡು, ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಾರೆ. 2006ರ ಮಾರ್ಚ್ 1ರಂದು ಅದೃಷ್ಟ ಒಲಿದದ್ದು ಗ್ಲಾಸ್ಗೋದ ಜೋರ್ಡನ್‌ಹಿಲ್ ಎಂಬ ರೈಲು ನಿಲ್ದಾಣದ ಲೇಖನಕ್ಕೆ. ಊರಿನವರ ಹೊರತು ಯಾರಿಗೂ ಗೊತ್ತಿಲ್ಲದ ಆ ನಿಲ್ದಾಣದ ಪುಟವನ್ನು ಮುಂದಿನ 24 ಗಂಟೆಗಳಲ್ಲಿ 400ಕ್ಕೂ ಹೆಚ್ಚು ಸಲ ತಿದ್ದಿದರು. ಐವತ್ತು ಲಕ್ಷದ ಲೇಖನ, 2015ರ ನವೆಂಬರ್ 1ರಂದು, ಆಸ್ಟ್ರೇಲಿಯದ ಒಂದು ಪೊದೆಗಿಡದ್ದು. ಅರವತ್ತು ಲಕ್ಷದ್ದು 2020ರ ಜನವರಿಯಲ್ಲಿ ಬಂತು: ಕೆನಡದ ಶಿಕ್ಷಕಿ, ಲೇಖಕಿ ಮಾರಿಯಾ ಎಲೀಸ್ ಟರ್ನರ್ ಲಾಡರ್ ಕುರಿತದ್ದು. ಬರೆದವರು ರೋಸಿ ಸ್ಟೀಫನ್ಸನ್-ಗುಡ್‌ನೈಟ್, ಮಹಿಳೆಯರ ಲೇಖನಗಳ ಕೊರತೆ ನೀಗಲು 2015ರಲ್ಲಿ ಹುಟ್ಟಿದ 'ವಿಮೆನ್ ಇನ್ ರೆಡ್' ಯೋಜನೆಯ ಸಹಸ್ಥಾಪಕಿ.

## ಅಂಕಿ ಹೇಳದ ಸಂಗತಿ

2006ರಲ್ಲಿ ಆರನ್ ಸ್ವಾರ್ಟ್ಜ್ ಎಂಬ ತರುಣ ಒಂದು ಸರಳ ಪ್ರಶ್ನೆ ಎತ್ತಿದ: ವಿಕಿಪೀಡಿಯವನ್ನು ನಿಜವಾಗಿ ಬರೆಯುವವರು ಯಾರು? ಅದಕ್ಕೆ ಜಿಮ್ಮಿ ವೇಲ್ಸ್ ಬಳಿ ಉತ್ತರವಿತ್ತು. ಅವರ ಲೆಕ್ಕದಂತೆ ಒಟ್ಟು ಸಂಪಾದನೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಾಡಿದ್ದು ಬರೀ 524 ಮಂದಿ, ಅಂದರೆ ಬಳಕೆದಾರರಲ್ಲಿ ಶೇಕಡ 0.7. ಸ್ವಾರ್ಟ್ಜ್ ಮಾಡಿದ್ದಿಷ್ಟೆ: ಸಂಪಾದನೆಗಳನ್ನು ಬಿಟ್ಟು ಅಕ್ಷರಗಳನ್ನು ಎಣಿಸಿದ. ಅಮೆರಿಕದ ನಟ ಆಲನ್ ಆಲ್ಡಾ ಕುರಿತ ಲೇಖನವನ್ನು ತೆಗೆದುಕೊಂಡು, ಆಗ ಉಳಿದಿದ್ದ ಪಠ್ಯದ ಯಾವ ಭಾಗ ಯಾರಿಂದ ಬಂತೆಂದು ಹುಡುಕಿದ. ಚಿತ್ರ ತಲೆಕೆಳಗಾಯಿತು. ಪಠ್ಯದ ಬಹುಪಾಲು ಬಂದದ್ದು ಅಪರೂಪಕ್ಕೆ ಬರುವವರಿಂದ, ಎಷ್ಟೋ ಸಲ ಖಾತೆಯೇ ಇಲ್ಲದವರಿಂದ. ಸಾವಿರಾರು ಸಂಪಾದನೆಗಳ ಧಣಿಗಳು ಮಾಡಿದ್ದು ವರ್ಗ ಸೇರಿಸುವುದು, ಕೊಂಡಿ ಹಾಕುವುದು, ಶೈಲಿ ಒಪ್ಪಗೊಳಿಸುವುದು. ಅದೂ ಬೇಕಾದ ಕೆಲಸವೇ. ಆದರೆ ಬರೆದವರು ಬೇರೆ, ಎಣಿಕೆಯಲ್ಲಿ ಕಂಡವರು ಬೇರೆ.

ಯಂತ್ರಗಳು ಬಂದ ಮೇಲೆ ಅಂಕಿಯ ಮಾತು ಇನ್ನೂ ಸಡಿಲವಾಯಿತು. ಸ್ವೀಡನ್ನಿನ ಸ್ವೆರ್ಕರ್ ಯೋಹಾನ್ಸನ್ ಬರೆದ ಎಲ್‌ಎಸ್‌ಜೆಬಾಟ್ ಎಂಬ ಪ್ರೋಗ್ರಾಮು ಪ್ರಾಣಿ, ಸಸ್ಯ, ಊರುಗಳ ಮಾಹಿತಿಕೋಶಗಳಿಂದ ಲಕ್ಷಗಟ್ಟಲೆ ಚುಟುಕು ಲೇಖನಗಳನ್ನು ತಾನೇ ಹೊಸೆಯಿತು. 2013ರ ಜೂನಿನಲ್ಲಿ ಸ್ವೀಡಿಷ್ ವಿಕಿಪೀಡಿಯದ ಹತ್ತು ಲಕ್ಷದ ಲೇಖನವೂ ಅದರದೇ, ಒಂದು ಚಿಟ್ಟೆಯ ಬಗ್ಗೆ. ಫಿಲಿಪೀನ್ಸಿನ ಸೆಬುವಾನೊ ಭಾಷೆಯ ವಿಕಿಪೀಡಿಯ ಇದೇ ಯಂತ್ರದ ಕೃಪೆಯಿಂದ ಲೇಖನಗಳ ಸಂಖ್ಯೆಯಲ್ಲಿ ಇಂಗ್ಲಿಷಿನ ನಂತರದ ಸ್ಥಾನಕ್ಕೇರಿದೆ, ಅರವತ್ತು ಲಕ್ಷಕ್ಕೂ ಹೆಚ್ಚು. ಅಷ್ಟು ಲೇಖನಗಳಿಗೆ ನಕ್ಷತ್ರ ಕೊಡಬೇಕಾದರೆ ಯಾರಿಗೆ ಕೊಡುವುದು?

## ಬಾಗಿಲು ತೆರೆಯುವ ಸಂಖ್ಯೆಗಳು

ಕೆಲವು ಅಂಕಿಗಳು ತಮಾಷೆಯವಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆಗೆ 4 ದಿನ, 10 ಸಂಪಾದನೆ ಆದರೆ ಅರೆಕಾವಲಿನ ಪುಟಗಳನ್ನು ತಿದ್ದಬಹುದು. 30 ದಿನ, 500 ಸಂಪಾದನೆ ತುಂಬಿದರೆ ವಿವಾದದ ವಿಷಯಗಳ ಬಿಗಿಕಾವಲಿನ ಪುಟಗಳೂ ತೆರೆಯುತ್ತವೆ. ನಿಜವಾದ ಬಹುಮಾನವೆಂದರೆ ವಿಕಿಪೀಡಿಯ ಲೈಬ್ರರಿ: ಆರು ತಿಂಗಳ ಹಳೆಯ ಖಾತೆ, 500 ಸಂಪಾದನೆ, ಕಳೆದ ತಿಂಗಳಲ್ಲಿ ಕನಿಷ್ಠ 10 ಇದ್ದರೆ, ದುಬಾರಿ ಚಂದಾ ಕೊಟ್ಟೇ ಓದಬೇಕಾದ ಸಂಶೋಧನ ಪತ್ರಿಕೆಗಳು ಬಿಟ್ಟಿಯಾಗಿ ಸಿಗುತ್ತವೆ. ಇದಕ್ಕೆ ಯಾವ ಭಾಷೆಯ ಸಂಪಾದನೆಯಾದರೂ ನಡೆಯುತ್ತದೆ. ವಿಶ್ವವಿದ್ಯಾಲಯದ ಗುರುತಿನ ಚೀಟಿ ಇಲ್ಲದ ಹಳ್ಳಿಯ ಸಂಶೋಧಕರಿಗೆ, ನಿವೃತ್ತ ಮೇಷ್ಟರಿಗೆ ಇದು ಸಣ್ಣ ಲಾಭವಲ್ಲ. ಆದರೂ ನಮ್ಮಲ್ಲಿ ಇದರ ಸುದ್ದಿ ತಿಳಿದವರು ಕಡಿಮೆ.

## ಕನ್ನಡದ ಅರಳಿಕಟ್ಟೆ

ಕನ್ನಡ ವಿಕಿಪೀಡಿಯ 2003ರ ಜೂನಿನಲ್ಲಿ ಹುಟ್ಟಿತು. ಲೇಖನಗಳ ಸಂಖ್ಯೆ ಈಗ 30 ಸಾವಿರ ದಾಟಿದೆ. ಸಮುದಾಯದ ಮಾತುಕತೆಗೆ ಇರುವ ಪುಟದ ಹೆಸರು ಅರಳಿಕಟ್ಟೆ. ನೆರೆಹೊರೆಯವರೂ ತಂತಮ್ಮ ಊರ ಜಾಗವನ್ನೇ ಆರಿಸಿಕೊಂಡಿದ್ದಾರೆ: ತೆಲುಗಿನವರದು ರಚ್ಚಬಂಡ, ತಮಿಳರದು ಆಲದ ಮರದಡಿ, ಮರಾಠಿಗರದು ಚಾವಡಿ. ಊರು ಚಿಕ್ಕದಾದ್ದರಿಂದ ಅರಳಿಕಟ್ಟೆಯಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಇಂಗ್ಲಿಷಿನಲ್ಲಿ ನೂರು ಸಂಪಾದನೆ ಮಾಡಿದವರು ಗುಂಪಿನಲ್ಲಿ ಕರಗಿಹೋಗುತ್ತಾರೆ. ಇಲ್ಲಿ ತಿಂಗಳಿಗೆ ನೂರು ಮಾಡಿದವರ ಹೆಸರು ಮಿಕ್ಕವರಿಗೆ ಬಾಯಿಪಾಠ. ಸಂಪಾದನೋತ್ಸವಗಳಲ್ಲಿ ಎದುರೆದುರು ಕೂತು, ಊಟದ ಹೊತ್ತಿಗೆ ಯಾರ ಲೇಖನ ಎಷ್ಟಾಯಿತೆಂದು ಕೇಳಿಕೊಳ್ಳುವ ಸಲಿಗೆ ದೊಡ್ಡ ಭಾಷೆಗಳವರಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಅಂಕಿ ಮತ್ತು ಕೆಲಸ ಬೇರೆ ಬೇರೆ ಎಂಬ ಪಾಠವನ್ನು ಕನ್ನಡ ತನ್ನ ಮೈಮೇಲೇ ಕಲಿತಿದೆ. 2009ರಿಂದ ಒಂದೆರಡು ವರ್ಷ ಗೂಗಲ್ ತನ್ನ ಅನುವಾದ ಸಾಧನವನ್ನು ಬೆಳೆಸಲು ಇಂಗ್ಲಿಷ್ ವಿಕಿಪೀಡಿಯದ ಲೇಖನಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಹಣ ಕೊಟ್ಟು ಅನುವಾದ ಮಾಡಿಸಿತು. ಲೇಖನಗಳು ಉದ್ದುದ್ದ ಬಂದವು, ಒಟ್ಟು ಗಾತ್ರ ದಿಢೀರನೆ ಏರಿತು. ಓದಲು ಕೂತರೆ ಕನ್ನಡದ ಅಕ್ಷರಗಳಲ್ಲಿ ಇಂಗ್ಲಿಷಿನ ವಾಕ್ಯಗಳು. ಬರೆದವರು ದುಡ್ಡು ಪಡೆದು ಹೋದರು. ತೊಳೆದು ಬಳಿಯುವ ಕೆಲಸ ದುಡ್ಡಿಲ್ಲದೆ ಬರೆಯುವವರ ಪಾಲಿಗೆ ಉಳಿಯಿತು. ಬಂಗಾಳಿ, ತಮಿಳು ಸಮುದಾಯಗಳೂ ಆಗ ತಕರಾರು ತೆಗೆದಿದ್ದವು.

ಎಣಿಕೆಯನ್ನೇ ಆಟವಾಗಿಸಿ ಬರವಣಿಗೆ ಹೆಚ್ಚಿಸುವ ಸೌಮ್ಯವಾದ ದಾರಿಗಳೂ ಇವೆ. ಬಲ್ಗೇರಿಯದ ವಾಸಿಯಾ ಅಟನಸೋವಾ 2015ರ ಜನವರಿಯಲ್ಲಿ ದಿನಕ್ಕೊಂದು ಹೊಸ ಲೇಖನದಂತೆ 100 ದಿನ ಬರೆಯುವ ಪಣ ತೊಟ್ಟರು. ನಿಯಮ ಕ್ರೂರ: ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಶುರು. ತೊಂಬತ್ತೊಂಬತ್ತನೆಯ ದಿನ ಕರೆಂಟು ಹೋದರೆ ನೆಪ ಹೇಳುವಂತಿಲ್ಲ. ಈ ಆಟ ಹಲವು ಭಾಷೆಗಳಿಗೆ ಹಬ್ಬಿತು, ಭಾರತೀಯ ಭಾಷೆಗಳವರೂ ಆಡಿದರು. ಅದೇ ವರ್ಷ ನವೆಂಬರಿನಲ್ಲಿ ಆರಂಭವಾದ ವಿಕಿಪೀಡಿಯ ಏಷ್ಯನ್ ತಿಂಗಳು ಇನ್ನೂ ಮುದ್ದಾದದ್ದು. ತನ್ನ ದೇಶ ಬಿಟ್ಟು ಏಷ್ಯದ ಬೇರೆ ದೇಶಗಳ ಬಗ್ಗೆ ನಾಲ್ಕೈದು ಒಳ್ಳೆಯ ಲೇಖನ ಬರೆದವರಿಗೆ ಬೇರೊಂದು ಏಷ್ಯನ್ ಸಮುದಾಯದಿಂದ ಅಂಚೆಯಲ್ಲಿ ಪೋಸ್ಟ್‌ಕಾರ್ಡ್ ಬರುತ್ತದೆ, ನಿಜವಾದ ಅಂಚೆಚೀಟಿ ಹಚ್ಚಿದ್ದು.

ತುಳುವಿನ ಮಟ್ಟಿಗೆ ಎಣಿಕೆ ಆಟವಾಗಿರಲಿಲ್ಲ, ಪ್ರವೇಶಪತ್ರವಾಗಿತ್ತು. ಹೊಸ ಭಾಷೆಯೊಂದು ಸ್ವಂತ ವಿಕಿಪೀಡಿಯ ಪಡೆಯಬೇಕಾದರೆ ಮೊದಲು ಇನ್‌ಕ್ಯುಬೇಟರ್ ಎಂಬ ಕಾವುಗೂಡಿನಲ್ಲಿ ಬೆಳೆಯಬೇಕು. ಅಲ್ಲಿ ತಿಂಗಳ ಮೇಲೆ ತಿಂಗಳು, ಕೆಲವರಾದರೂ ತಪ್ಪದೆ ಸಂಪಾದಿಸುತ್ತಿದ್ದಾರೆ ಎಂಬುದನ್ನು ಭಾಷಾ ಸಮಿತಿ ನೋಡುತ್ತದೆ. ಒಬ್ಬರೇ ಕೂತು ಸಾವಿರ ಲೇಖನ ಬರೆದರೆ ಸಾಲದು; ಒಂದು ತಿಂಗಳು ಹುರುಪಿನಿಂದ ಬರೆದು ಮರುತಿಂಗಳು ಮಾಯವಾದರೂ ಸಾಲದು. ತುಳು ಎಂಟು ವರ್ಷ ಆ ಗೂಡಿನಲ್ಲಿತ್ತು. ಕರಾವಳಿಯ ಕಾಲೇಜುಗಳಲ್ಲಿ ಕಮ್ಮಟಗಳು ನಡೆದವು, ಕನ್ನಡ ವಿಕಿಪೀಡಿಯದವರು ಜೊತೆಗೂಡಿದರು, ಕನ್ನಡ ಲಿಪಿಯಲ್ಲೇ ತುಳು ಲೇಖನಗಳು ಸಾವಿರ ದಾಟಿದವು. 2016ರ ಆಗಸ್ಟಿನಲ್ಲಿ ಚಂಡೀಗಢದಲ್ಲಿ ನಡೆದ ವಿಕಿ ಸಮ್ಮೇಳನದಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಅಂದಿನ ಮುಖ್ಯಸ್ಥೆ ಕ್ಯಾಥರೀನ್ ಮಾಹೆರ್ ತುಳು ವಿಕಿಪೀಡಿಯ ತೆರೆದಿದೆ ಎಂದು ಸಾರಿದರು. ಭಾರತೀಯ ಭಾಷೆಗಳಲ್ಲಿ ಅದು 23ನೆಯದು.